ಕುರ್ಚಿ ನಿಮ್ಮದು, ನೌಕರ ನಮ್ಮವನು

ದೋಣಿಮಲೈ ಟೌನ್‌ಶಿಪ್ಪಿನಲ್ಲಿ ಬೀದಿದೀಪ ಕೆಟ್ಟರೆ, ನಲ್ಲಿ ಬತ್ತಿದರೆ ದೂರು ಹೋಗುವುದು ಕಂಪನಿಯ ಕಚೇರಿಗೆ. ಕ್ವಾರ್ಟರ್ಸ್ ಕಟ್ಟಿಸಿದ್ದು ಕಂಪನಿ, ಆಸ್ಪತ್ರೆ ನಡೆಸುವುದು ಕಂಪನಿ, ರಸ್ತೆಗೆ ಡಾಂಬರು ಬಳಿಯುವುದೂ ಕಂಪನಿ. 1958ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಎಂಡಿಸಿ, 1977ರಲ್ಲಿ ಸಂಡೂರಿನ ಈ ಗುಡ್ಡದಲ್ಲಿ ಅದಿರು ತೆಗೆಯಲು ಶುರುಮಾಡಿತು. ಗಣಿಯ ಜತೆಗೇ ಊರೂ ಎದ್ದಿತು. ಊರನ್ನು ನೋಡಿಕೊಳ್ಳುವ ಅಧಿಕಾರಿಗಳು ಮೊದಲು ಬಂದರು, ನಿವಾಸಿಗಳು ಆಮೇಲೆ.

ಇದು ದೋಣಿಮಲೈಗೆ ಮಾತ್ರ ಸಲ್ಲುವ ಮಾತಲ್ಲ. ಹಂಪಿ, ಹೊಸಪೇಟೆ, ಸಂಡೂರು, ಬಳ್ಳಾರಿ ಸೀಮೆಯ ಊರುಗಳ ಆಡಳಿತ ನಡೆದುಬಂದ ಬಗೆಯನ್ನು ನೋಡುತ್ತ ಹೋದರೆ ಇಲ್ಲಿ ಯಾವತ್ತೂ ಅಧಿಕಾರಿಯೇ ಮೊದಲು ಬಂದಿದ್ದಾನೆ, ಸಭೆ ಹಿಂದಿನಿಂದ ಬಂದಿದೆ. ಬಂದ ಸಭೆಗೂ ಒಂದು ಕೆಲಸವನ್ನು ಮಾತ್ರ ಯಾರೂ ನೆಮ್ಮದಿಯಾಗಿ ಬಿಟ್ಟುಕೊಡಲಿಲ್ಲ. ಅದು ನೇಮಕ.

ಅಮೆರಿಕದ ಸಣ್ಣ ಊರುಗಳಲ್ಲಿ ಹೊಸ ಕೌನ್ಸಿಲ್ ಪ್ರಮಾಣವಚನ ತೆಗೆದುಕೊಂಡ ರಾತ್ರಿಯೇ ಊರಿನ ಗುಮಾಸ್ತ, ವಕೀಲ, ಖಜಾಂಚಿ, ಪೊಲೀಸ್ ಮುಖ್ಯಸ್ಥ ಇವರ ಹೆಸರು ಓದಿ ಮಂಜೂರು ಮಾಡಿಬಿಡುವ ರೂಢಿ ಹಳೆಯದು. ಗೆದ್ದವರು ತಮ್ಮ ಜನರನ್ನು ತಂದು ಕೂರಿಸುತ್ತಾರೆ, ಸೋತಾಗ ಅವರೊಂದಿಗೆ ಇವರೂ ಹೊರಡುತ್ತಾರೆ. ನಮ್ಮಲ್ಲಿ ಸದಸ್ಯರು ಗೆದ್ದು ಬಂದು ಮೊದಲ ಸಭೆಗೆ ಕೂತಾಗ ಎದುರಿಗೆ ಕಡತ ಹಿಡಿದು ಕೂತಿರುವ ಪೌರಾಯುಕ್ತರು ಅವರಿಗಿಂತ ಮುಂಚೆಯೇ ಅಲ್ಲಿರುತ್ತಾರೆ. ಅವರನ್ನು ಕರೆತಂದವರು ಇವರಲ್ಲ, ಕಳಿಸುವವರೂ ಇವರಲ್ಲ.

ಹಿಂದಕ್ಕೆ ಹೋಗೋಣ. 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಪರ್ಷಿಯಾದಿಂದ ಶಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಅರಮನೆ, ವಜ್ರವೈಡೂರ್ಯ, ಮಹಾನವಮಿ ಎಲ್ಲವನ್ನೂ ಬಾಯಿತುಂಬ ಹೊಗಳಿದ. ಅವನ ಕಣ್ಣು ಒಂದು ಕಚೇರಿಯ ಮೇಲೂ ಬಿತ್ತು. ಟಂಕಸಾಲೆಯ ಎದುರಿಗೆ ಇದ್ದ ನಗರದ ಕೊತ್ವಾಲನ ಕಚೇರಿ ಅದು. ಅವನ ಕೈಕೆಳಗೆ 12,000 ಕಾವಲುಗಾರರು ಎನ್ನುತ್ತಾನೆ. ಅವರ ಸಂಬಳಕ್ಕೆ ಹಣ ಬರುತ್ತಿದ್ದದ್ದು ಸೂಳೆಗೇರಿಯ ತೆರಿಗೆಯಿಂದ. ಏಳು ಸುತ್ತಿನ ಕೋಟೆಯೊಳಗೆ ಏನೇ ನಡೆದರೂ ಅವರಿಗೆ ತಿಳಿದಿರಬೇಕು, ಕಳುವಾದದ್ದನ್ನು ಹುಡುಕಿಕೊಡಬೇಕು, ಇಲ್ಲದಿದ್ದರೆ ದಂಡ ತೆರಬೇಕು. ರಜಾಕನ ಸಂಗಡಿಗ ಕೊಂಡುಕೊಂಡಿದ್ದ ಕೆಲವು ಗುಲಾಮರು ಓಡಿಹೋದರು. ದೂರು ಕೊತ್ವಾಲನಿಗೆ ಹೋಯಿತು. ಅವನು ಆ ಕೇರಿಯ ಕಾವಲುಗಾರರನ್ನು ಕರೆಸಿ, ಹುಡುಕಿ ತನ್ನಿ, ಇಲ್ಲವೇ ಬೆಲೆ ಕಟ್ಟಿ ಎಂದ. ಆಳುಗಳು ಸಿಗಲಿಲ್ಲ. ಬೆಲೆ ಎಷ್ಟೆಂದು ಕೇಳಿ ತಿಳಿದುಕೊಂಡು ಕಾವಲುಗಾರರು ದುಡ್ಡು ಕಟ್ಟಿದರು.

ಮನುಷ್ಯರನ್ನು ಕೊಂಡು ಮಾರುತ್ತಿದ್ದ ಆ ಕಾಲವನ್ನು ಕೊಂಡಾಡುವ ಆಸೆ ನನಗಿಲ್ಲ. ಓಡಿಹೋದವರು ಸಿಗದೇ ಹೋದದ್ದೇ ಒಳ್ಳೆಯದಾಯಿತು. ಆದರೆ ನೌಕರ ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗೆ ಆ ಪದ್ಧತಿಯಲ್ಲಿ ಉತ್ತರ ಖಚಿತವಾಗಿತ್ತು: ನೇಮಿಸಿದ ಅರಸನಿಗೆ. ಊರವರಿಗೆ ಅದರಲ್ಲಿ ಮಾತಿರಲಿಲ್ಲ. ಪೇಟೆಗಳ ಸಂಗತಿ ಕೊಂಚ ಬೇರೆ. ವ್ಯಾಪಾರಿಗಳ ಸಂಘದ ಹಿರಿಯನಿಗೆ ಪಟ್ಟಣಸ್ವಾಮಿ ಎಂಬ ಪದವಿ ಇತ್ತು. ಸಂತೆ ಕಟ್ಟುವುದು, ಸುಂಕದ ಲೆಕ್ಕ, ಪೇಟೆಯ ವ್ಯಾಜ್ಯ ಅವನ ಪಾಲಿಗೆ ಬರುತ್ತಿದ್ದವು. ಅವನಿಗೂ ಅರಸರ ಮುದ್ರೆ ಬೇಕಿತ್ತು, ಆದರೆ ಅವನು ಪೇಟೆಯವನೇ ಆಗಿದ್ದ.

ಸಾಮ್ರಾಜ್ಯ ಬಿದ್ದು, ಪಾಳೆಯಗಾರರು, ಹೈದರ್, ಟಿಪ್ಪು, ನಿಜಾಮ ಎಲ್ಲರ ಕೈ ದಾಟಿ 1800ರಲ್ಲಿ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಬಂತು. ನಿಜಾಮ ಬಿಟ್ಟುಕೊಟ್ಟದ್ದರಿಂದ ದತ್ತ ಮಂಡಲ ಎಂಬ ಹೆಸರು ಬಿತ್ತು. ಥಾಮಸ್ ಮನ್ರೋ ಕಲೆಕ್ಟರಾದ. ಅಲ್ಲಿಂದ ಮುಂದೆ ಬಹಳ ಕಾಲ ಊರು ಎಂದರೆ ಕಲೆಕ್ಟರ್.

ಈ ಸೀಮೆ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 1865ರ ಪಟ್ಟಣ ಸುಧಾರಣೆ ಕಾಯ್ದೆ ಬಂದಾಗ ಪುರಸಭೆ ಎಂಬ ಹೊಸ ಸಂಸ್ಥೆಗೆ ನೆಲೆ ಸಿಕ್ಕಿತು. ಆದರೆ ಕಲೆಕ್ಟರೇ ಅಧ್ಯಕ್ಷ, ಸದಸ್ಯರು ಸರ್ಕಾರ ಹೆಸರಿಸಿದವರು. ಊರಿನವರಿಂದ ತೆರಿಗೆ ಎತ್ತಿ ಅದರಲ್ಲಿ ದೊಡ್ಡ ಪಾಲನ್ನು ಪೊಲೀಸ್ ವೆಚ್ಚಕ್ಕೆ ಕೊಡಬೇಕಿತ್ತು. ಪೊಲೀಸರನ್ನು ನೇಮಿಸುವುದು ಸರ್ಕಾರ, ಸಂಬಳಕ್ಕೆ ಹಣ ಹೊಂದಿಸುವುದು ಊರು. ಜನ ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. 1871ರ ಕಾಯ್ದೆ ಪೊಲೀಸ್ ಹೊರೆ ಇಳಿಸಿ ಶಾಲೆ, ಆಸ್ಪತ್ರೆ, ನೈರ್ಮಲ್ಯದ ಕಡೆ ತಿರುಗಿಸಿತು. ಆ ದಶಕದ ಕೊನೆಗೆ 1876–78ರ ಕ್ಷಾಮ ಬಂದು ಬಳ್ಳಾರಿ ಜಿಲ್ಲೆಯನ್ನು ಹುರಿದು ಹಾಕಿತು.

ನಿಜವಾದ ತಿರುವು 1882ರ ಮೇ ತಿಂಗಳಲ್ಲಿ ಬಂತು. ವೈಸರಾಯ್ ರಿಪ್ಪನ್ ಹೊರಡಿಸಿದ ಠರಾವು ಸ್ಥಳೀಯ ಸಂಸ್ಥೆಗಳನ್ನು ಜನರ ಕೈಗೆ ಕೊಡಬೇಕು ಎಂದಿತು. ಕೆಲಸ ಚೆನ್ನಾಗಿ ನಡೆಯುತ್ತದೆ ಎಂಬ ನಂಬಿಕೆಗಿಂತ ಜನ ಆಡಳಿತ ಕಲಿಯಲಿ ಎಂಬುದು ಅದರ ಮುಖ್ಯ ವಾದ. ಕಲೆಕ್ಟರುಗಳಿಗೆ ಇದು ಹಿಡಿಸಲಿಲ್ಲ. ಎರಡು ವರ್ಷದಲ್ಲಿ ಮದ್ರಾಸ್ ಜಿಲ್ಲಾ ಪುರಸಭೆಗಳ ಕಾಯ್ದೆ ಬಂತು. ಮುಕ್ಕಾಲು ಪಾಲು ಸದಸ್ಯರನ್ನು ತೆರಿಗೆದಾರರು ಚುನಾಯಿಸಬಹುದು, ಅಧ್ಯಕ್ಷನನ್ನು ಸದಸ್ಯರೇ ಆರಿಸಬಹುದು ಎಂಬ ದಾರಿ ತೆರೆಯಿತು. ಬಳ್ಳಾರಿ, ಆದವಾನಿ ಆಗಲೇ ಪುರಸಭೆಗಳಾಗಿದ್ದವು. ಈ ಕಾಯ್ದೆಯ ಬೆನ್ನಿಗೇ ಹೊಸಪೇಟೆಗೂ ಪುರಸಭೆ ಬಂತು.

ಆ ಚೇರ್ಮನ್‌ಗೆ ಇದ್ದ ಅಧಿಕಾರ ಇವತ್ತಿನ ಅಧ್ಯಕ್ಷರಿಗೆ ಕನಸಿನಲ್ಲೂ ಸಿಗದು. ಅವನು ಸಭೆಯ ಮುಖ್ಯಸ್ಥನೂ ಹೌದು, ಆಡಳಿತದ ಮುಖ್ಯಸ್ಥನೂ ಹೌದು. ನೈರ್ಮಲ್ಯದ ಇನ್ಸ್‌ಪೆಕ್ಟರ್, ಓವರ್‌ಸಿಯರ್, ಬಿಲ್ ಕಲೆಕ್ಟರ್, ದೇವಿ ಹಾಕುವವ, ಶಾಲೆಯ ಮೇಷ್ಟ್ರು, ದೀಪ ಹಚ್ಚುವವ, ತೋಟಿ ಎಲ್ಲರೂ ಪುರಸಭೆಯ ಉಪ್ಪು ತಿನ್ನುವವರು. ಮೇಲಿನ ಕೆಲವು ಹುದ್ದೆಗಳಿಗೆ ಸರ್ಕಾರದ ಒಪ್ಪಿಗೆ ಬೇಕಾಗುತ್ತಿತ್ತು. ಉಳಿದವರನ್ನು ಇಟ್ಟುಕೊಳ್ಳುವುದು, ತೆಗೆಯುವುದು ಊರೊಳಗೇ ಮುಗಿಯುತ್ತಿತ್ತು.

ಬಳ್ಳಾರಿಯಲ್ಲಿ ಆ ಕುರ್ಚಿಯಲ್ಲಿ ಕೂತವರಲ್ಲಿ ವರ್ತಕ ಎ. ಸಭಾಪತಿ ಮೊದಲಿಯಾರ್ ಒಬ್ಬರು. 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಾಗ ಅಲ್ಲಿ ಸೇರಿದ 72 ಪ್ರತಿನಿಧಿಗಳಲ್ಲಿ ಬಳ್ಳಾರಿಯಿಂದ ಹೋದವರು ಅವರೇ. ಚರಂಡಿ, ದೀಪದ ಲೆಕ್ಕ ನೋಡುತ್ತಿದ್ದವರು ದೇಶದ ಲೆಕ್ಕ ಕೇಳಲು ರೈಲು ಹತ್ತಿದ್ದರು. ರಿಪ್ಪನ್ ಹೇಳಿದ ಕಲಿಕೆ ಕಲೆಕ್ಟರುಗಳು ಹೆದರಿದ ದಿಕ್ಕಿನಲ್ಲೇ ಸಾಗಿತ್ತು.

ಇದೇ ಹೊತ್ತಿಗೆ ಗುಡ್ಡದಾಚೆ ಸಂಡೂರಿನಲ್ಲಿ ಗಾಳಿ ಬೇರೆ. ಮದ್ರಾಸ್ ಪ್ರಾಂತಕ್ಕೆ ಅಂಟಿಕೊಂಡಿದ್ದ ಐದು ದೇಶೀಯ ಸಂಸ್ಥಾನಗಳಲ್ಲಿ ಸಂಡೂರೂ ಒಂದು: ತಿರುವಾಂಕೂರು, ಕೊಚ್ಚಿ, ಪುದುಕ್ಕೋಟೆ, ಬನಗಾನಪಲ್ಲಿಯ ಸಾಲಿನಲ್ಲಿ ಇದು. ಘೋರ್ಪಡೆ ಮನೆತನ ಹದಿನೆಂಟನೇ ಶತಮಾನದ ಆರಂಭದಿಂದ ಇಲ್ಲಿ ಬೇರೂರಿತ್ತು. 1817ರಲ್ಲಿ ಪೇಶ್ವೆಯ ಪರವಾಗಿ ಮನ್ರೋ ಬಂದು ಸಂಡೂರನ್ನು ವಶಪಡಿಸಿಕೊಂಡ. ಪೇಶ್ವೆಯೇ ಬಿದ್ದಮೇಲೆ ಮರುವರ್ಷ ಸೀಮೆ ಘೋರ್ಪಡೆಯವರಿಗೆ ಮರಳಿತು. 1826ರಲ್ಲಿ ಸನದು ಸಿಕ್ಕಿತು. ಸಂಸ್ಥಾನದ ಮೇಲೆ ಕಣ್ಣಿಡಲು ಬ್ರಿಟಿಷರ ಏಜೆಂಟ್ ಯಾರು ಎಂದರೆ ಬಳ್ಳಾರಿಯ ಕಲೆಕ್ಟರ್. ಅದೇ ಮನುಷ್ಯ ಹೊಸಪೇಟೆಯ ಚುನಾವಣೆಯ ವರದಿಯನ್ನೂ ಓದಬೇಕು, ಸಂಡೂರಿನ ರಾಜನ ಪತ್ರವನ್ನೂ ಓದಬೇಕು. ಒಂದು ಊರಲ್ಲಿ ತೆರಿಗೆ ಕಟ್ಟುವವರು ಕೌನ್ಸಿಲರನ್ನು ಆರಿಸುತ್ತಿದ್ದರೆ ಪಕ್ಕದ ಕಣಿವೆಯಲ್ಲಿ ಊರಿನ ಕಸ ಗುಡಿಸುವವನಿಂದ ದಿವಾನನವರೆಗೆ ಎಲ್ಲರೂ ರಾಜರ ನೌಕರರು.

ರಾಜರ ಆಡಳಿತ ಕೆಟ್ಟದ್ದು ಎಂದು ಒಂದೇ ಏಟಿಗೆ ಹೇಳುವಂತಿಲ್ಲ. ಯಶವಂತರಾವ್ ಘೋರ್ಪಡೆ 1932ರಲ್ಲಿ ಸಂಸ್ಥಾನದ ದೇವಾಲಯಗಳನ್ನು ದಲಿತರಿಗೆ ತೆರೆಸಿದರು. ಆ ಪ್ರಶ್ನೆ ಅಂದಿನ ಯಾವುದಾದರೂ ಪುರಸಭೆಯ ಮುಂದೆ ಬಂದಿದ್ದರೆ ಎಷ್ಟು ಸಭೆ, ಎಷ್ಟು ಮುಂದೂಡಿಕೆ, ಎಷ್ಟು ಉಪಸಮಿತಿ ಆಗುತ್ತಿತ್ತೋ! ಇಲ್ಲಿ ಒಂದು ಆಜ್ಞೆ ಸಾಕಾಯಿತು. ಆದರೆ ಆಜ್ಞೆ ಹೊರಡಿಸುವವರು ಮನಸ್ಸು ಮಾಡದಿದ್ದರೆ ಕೇಳಲು ಯಾರೂ ಇಲ್ಲ ಎಂಬುದೂ ಅದೇ ವ್ಯವಸ್ಥೆಯ ಇನ್ನೊಂದು ಮುಖ. 1949ರಲ್ಲಿ ಸಂಡೂರು ಭಾರತ ಒಕ್ಕೂಟಕ್ಕೆ ಸೇರಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು. ಆಮೇಲೆ ಹುಟ್ಟಿದ ದೋಣಿಮಲೈಯ ಗಣಿಗಾರನಿಗೆ ಸಿಕ್ಕಿದ್ದು ರಾಜನ ಬದಲು ಜನರಲ್ ಮ್ಯಾನೇಜರು.

ಮತ್ತೆ ಹೊಸಪೇಟೆ, ಬಳ್ಳಾರಿಗೆ. 1920ರ ಪುರಸಭೆ ಕಾಯ್ದೆ ಮತದಾರರ ಸಂಖ್ಯೆ ಹೆಚ್ಚಿಸಿ ಚುನಾಯಿತ ಚೇರ್ಮನ್‌ಗೆ ಇನ್ನಷ್ಟು ಬಲ ಕೊಟ್ಟಿತು. ಆಗ ಶುರುವಾದದ್ದು ದೂರುಗಳ ಸರಮಾಲೆ. ಚೇರ್ಮನ್ ತನ್ನ ಕಡೆಯವನಿಗೆ ಬಿಲ್ ಕಲೆಕ್ಟರ್ ಕೆಲಸ ಕೊಟ್ಟ, ಆ ಬಿಲ್ ಕಲೆಕ್ಟರ್ ಚೇರ್ಮನ್ ಕಡೆಯವರ ಮನೆಗಂದಾಯ ಕೇಳಲಿಲ್ಲ, ಬಾಕಿ ಬೆಳೆಯಿತು, ಮುಂದಿನ ಚೇರ್ಮನ್ ಬಂದು ಅವನನ್ನು ತೆಗೆದು ತನ್ನವನನ್ನು ಇಟ್ಟ. ಪ್ರಾಂತದ ಎಲ್ಲ ಕಡೆ ಇದೇ ಹಾಡು. ನೇಮಕದ ಅಧಿಕಾರ ಇದ್ದದ್ದೇ ಆ ಅಧಿಕಾರ ಹೋಗಲು ಕಾರಣವಾಯಿತು.

1930ರ ದಶಕದಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ ಮದ್ದು ಅರೆಯಿತು. ಕಾಯ್ದೆಗೆ ತಿದ್ದುಪಡಿ ತಂದು ಪುರಸಭೆಗಳಿಗೆ ಕಮಿಷನರ್ ಎಂಬ ಸರ್ಕಾರಿ ಅಧಿಕಾರಿಯನ್ನು ಕಳಿಸುವ ಪದ್ಧತಿ ಬಂತು. ಚೇರ್ಮನ್ ಸಭೆ ನಡೆಸಲಿ, ಆಡಳಿತ ಕಮಿಷನರ್ ನಡೆಸಲಿ. ನೌಕರರ ಮೇಲಿನ ಹಿಡಿತ ಸಭೆಯಿಂದ ಜಾರಿ ಆ ಅಧಿಕಾರಿಯ ಮೇಜಿಗೆ ಹೋಯಿತು. ಮದ್ರಾಸಿನ ಆಡಳಿತಗಾರರು ಇದನ್ನು ಶುದ್ಧೀಕರಣ ಎಂದು ಕರೆದರು. ಬಾಕಿ ವಸೂಲಾಗಿದ್ದೂ ನಿಜ ಇರಬಹುದು. ಆದರೆ ಒಬ್ಬ ಕೌನ್ಸಿಲರ್ ತಪ್ಪು ಮಾಡಿದರೆ ಮತದಾರ ಅವನನ್ನು ಸೋಲಿಸಬಹುದು, ಕಮಿಷನರ್ ತಪ್ಪು ಮಾಡಿದರೆ? ವರ್ಗಾವಣೆಯ ಆದೇಶ ಬರುವ ತನಕ ಕಾಯಬೇಕು. ಈ ಎರಡು ರೋಗಗಳಲ್ಲಿ ಮೊದಲನೆಯದಕ್ಕೆ ಊರಿನಲ್ಲೇ ಮದ್ದಿತ್ತು ಎಂದು ನನಗೆ ಅನಿಸುತ್ತದೆ, ಅದು ಕೆಲಸ ಮಾಡಲು ಎರಡು ಮೂರು ಚುನಾವಣೆ ಹಿಡಿಯುತ್ತಿತ್ತು ಅಷ್ಟೆ. ಅಷ್ಟು ತಾಳ್ಮೆ ಮೇಲಿನವರಿಗೆ ಇರಲಿಲ್ಲ.

1945ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಅಡಿಗಲ್ಲು ಬಿತ್ತು. ಹೊಸಪೇಟೆಯ ಅಂಚಿನಲ್ಲಿ ಎಂಜಿನಿಯರುಗಳ ಊರು ಒಂದು ಎದ್ದಿತು. ಟಿ.ಬಿ. ಡ್ಯಾಂ ಎಂದೇ ಇವತ್ತಿಗೂ ಅದರ ಹೆಸರು. ದೋಣಿಮಲೈಗಿಂತ ಮೂರು ದಶಕ ಮೊದಲೇ ಈ ಸೀಮೆ ನೋಡಿದ ಅಧಿಕಾರಿಗಳ ಊರು ಅದು. ಅಣೆಕಟ್ಟು ಮುಗಿಯುವ ಹೊತ್ತಿಗೆ ಪ್ರಾಂತವೇ ಒಡೆಯಿತು. ಬಳ್ಳಾರಿ ಯಾರಿಗೆ ಸೇರಬೇಕೆಂಬ ಜಗಳ ವಾಂಛೂ ವರದಿಯಿಂದ ಮಿಶ್ರಾ ವರದಿಗೆ ಹೋಗಿ, 1953ರ ಅಕ್ಟೋಬರ್ 1ರಂದು ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೂ ಅಣೆಕಟ್ಟಿರುವ ಮಲ್ಲಾಪುರದ ಉಪತಾಲ್ಲೂಕೂ ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರಾಜ್ಯ ಬದಲಾಯಿತು, ಪುರಸಭೆಯ ಕಾನೂನಿನ ಜಾಯಮಾನ ಬದಲಾಗಲಿಲ್ಲ. ಏಕೀಕರಣದ ನಂತರ ಮದ್ರಾಸು, ಮುಂಬಯಿ, ಹೈದರಾಬಾದು, ಕೊಡಗು, ಮೈಸೂರಿನ ಬೇರೆಬೇರೆ ಕಾನೂನುಗಳನ್ನು ಒಂದುಮಾಡಲು 1964ರ ಪುರಸಭೆಗಳ ಕಾಯ್ದೆ ಬಂತು. ಅದರಲ್ಲೂ ಮುಖ್ಯಾಧಿಕಾರಿ, ಪೌರಾಯುಕ್ತರನ್ನು ನೇಮಿಸುವುದು ಸರ್ಕಾರವೇ.

1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದಾಗ ಪತ್ರಿಕೆಗಳು ನಗರಗಳಿಗೆ ಸ್ವರಾಜ್ಯ ಬಂತು ಎಂದು ಬರೆದವು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಮೀಸಲಾತಿ, ರಾಜ್ಯ ಚುನಾವಣಾ ಆಯೋಗ, ಹಣಕಾಸು ಆಯೋಗ, ಇವು ಸಣ್ಣ ಗಳಿಕೆಗಳಲ್ಲ. ಆದರೆ ನೌಕರರು ಯಾರ ಕೈಕೆಳಗೆ ಎಂಬ ವಿಚಾರದಲ್ಲಿ ಆ ತಿದ್ದುಪಡಿ ಮೌನವಾಗಿತ್ತು. ಮಾತಾಡಿದ ಒಂದು ಜಾಗದಲ್ಲಿ ದೋಣಿಮಲೈಯಂಥ ಊರುಗಳು ನೆನಪಾಗುತ್ತವೆ: ಕಾರ್ಖಾನೆಯೋ ಗಣಿಯೋ ತಾನೇ ನಾಗರಿಕ ಸೌಲಭ್ಯ ಒದಗಿಸುತ್ತಿದ್ದರೆ ಆ ಪ್ರದೇಶವನ್ನು ಕೈಗಾರಿಕಾ ಟೌನ್‌ಶಿಪ್ ಎಂದು ರಾಜ್ಯಪಾಲರು ಘೋಷಿಸಬಹುದು, ಅಲ್ಲಿ ಪುರಸಭೆಯೇ ಬೇಕಾಗಿಲ್ಲ ಎನ್ನುತ್ತದೆ 243ಕ್ಯೂ ವಿಧಿ.

ಚುನಾವಣೆ ನಡೆದರೂ ಸಭೆ ಕೂರದೆ ಇರುವುದು ಹೇಗೆ ಎಂಬುದನ್ನು ಕರ್ನಾಟಕ ಈಚಿನ ವರ್ಷಗಳಲ್ಲಿ ಚೆನ್ನಾಗಿ ತೋರಿಸಿಕೊಟ್ಟಿದೆ. 2018ರ ಆಗಸ್ಟ್ ಕೊನೆಗೆ ರಾಜ್ಯದ ಸುಮಾರು ನೂರು ನಗರ, ಪಟ್ಟಣಗಳಲ್ಲಿ ಮತದಾನ ಆಯಿತು. ಗೆದ್ದವರು ಪ್ರಮಾಣಪತ್ರ ಹಿಡಿದು ಮನೆಗೆ ಹೋದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡು ಕುರ್ಚಿ ತುಂಬಿದ್ದು ಎರಡು ವರ್ಷದ ಮೇಲೆ, 2020ರ ಕೊನೆಗೆ. ಮೊದಲ ಎರಡೂವರೆ ವರ್ಷದ ಅವಧಿ 2023ರಲ್ಲಿ ಮುಗಿದು, ಎರಡನೆಯದಕ್ಕೆ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿಗಳು.

ಬಳ್ಳಾರಿ ಮಹಾನಗರ ಪಾಲಿಕೆಯ ಕಥೆ ಇದಕ್ಕಿಂತ ಸ್ವಾರಸ್ಯ. 39 ವಾರ್ಡುಗಳಿಗೆ ಮತದಾನ ನಡೆದದ್ದು 2021ರ ಏಪ್ರಿಲ್ 27ರಂದು. ಕೊರೊನಾ ಎರಡನೇ ಅಲೆ ಏರಿ ಕುಳಿತಿತ್ತು. ಅದೇ ದಿನ ರಾತ್ರಿ ಒಂಬತ್ತಕ್ಕೆ ರಾಜ್ಯಕ್ಕೆಲ್ಲ ಕರ್ಫ್ಯೂ. ಸಂಜೆ ಮತಪೆಟ್ಟಿಗೆ ಮುಚ್ಚಿತು, ರಾತ್ರಿ ಊರು ಮುಚ್ಚಿತು. ಮೂರು ದಿನ ಬಿಟ್ಟು ಎಣಿಕೆ: ಕಾಂಗ್ರೆಸ್ಸಿಗೆ 21, ಬಿಜೆಪಿಗೆ 13, ಪಕ್ಷೇತರರಿಗೆ 5. ಯಾರ ಹಂಗೂ ಇಲ್ಲದ ಬಹುಮತ. ರಾಜ್ಯದಲ್ಲಿ ಆಗ ಬಿಜೆಪಿ ಸರ್ಕಾರ. ಮೇಯರ್ ಚುನಾವಣೆಗೆ ದಿನಾಂಕವೇ ಬರಲಿಲ್ಲ. ಬೇಕೆಂದೇ ತಡ ಮಾಡುತ್ತಿದ್ದಾರೆ ಎಂದು ಕಾಂಗ್ರೆಸ್ ಕೂಗಾಡಿತು. ಆಸ್ಪತ್ರೆಯಲ್ಲಿ ಹಾಸಿಗೆ, ಸ್ಮಶಾನದಲ್ಲಿ ಸೌದೆ, ಓಣಿಗೆ ಔಷಧಿ ಸಿಂಪಡಣೆ, ಜನ ಪ್ರತಿನಿಧಿಯನ್ನು ಹುಡುಕಿಕೊಂಡು ಹೋಗುವ ಕಾಲ ಅದು. ಪ್ರತಿನಿಧಿಗಳು ಇದ್ದರು, ಸಭೆ ಇರಲಿಲ್ಲ. ಪಾಲಿಕೆ ನಡೆಸಿದವರು ಅಧಿಕಾರಿಗಳು. ಕೊನೆಗೆ 2022ರ ಮಾರ್ಚಿನಲ್ಲಿ ಎಂ. ರಾಜೇಶ್ವರಿ ಮೇಯರ್ ಆಗಿ, ಮಾಲನ್ ಬೀ ಉಪಮೇಯರ್ ಆಗಿ ಆಯ್ಕೆಯಾದರು. ಗೆದ್ದು ಹತ್ತು ತಿಂಗಳು ಕಳೆದು ಹನ್ನೊಂದನೆಯದು ನಡೆಯುತ್ತಿತ್ತು.

ಇಂಥ ಆಯ್ಕೆಯ ದಿನವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹಿಂದಿನ ರಾತ್ರಿಯವರೆಗೂ ರೆಸಾರ್ಟಿನಲ್ಲಿ ಇಟ್ಟುಕೊಂಡಿದ್ದ ಸದಸ್ಯರನ್ನು ಬಸ್ಸಿನಲ್ಲಿ ತಂದು ನೇರ ಸಭಾಂಗಣದ ಬಾಗಿಲಿಗೆ ಇಳಿಸುತ್ತಾರೆ. ಹಾಜರಿ ಪುಸ್ತಕಕ್ಕೆ ಸಹಿ, ಕೋರಂ, ನಾಮಪತ್ರ ಪರಿಶೀಲನೆ, ಹಿಂತೆಗೆಯಲು ಐದು ನಿಮಿಷ. ಪಾಲಿಕೆಯಾದರೆ ಪ್ರಾದೇಶಿಕ ಆಯುಕ್ತರು, ನಗರಸಭೆಯಾದರೆ ಉಪವಿಭಾಗಾಧಿಕಾರಿ ಮೇಲೆ ಕೂತಿರುತ್ತಾರೆ. ಶಾಸಕರೂ ಸಂಸದರೂ ಬಂದು ಮತ ಹಾಕುತ್ತಾರೆ, ಅವರಿಗೂ ಹಕ್ಕಿದೆ. ಗುಟ್ಟಿನ ಮತದಾನ ಇಲ್ಲ, ಕೈ ಎತ್ತಬೇಕು. ಎತ್ತಿದ ಕೈಗಳನ್ನು ಅಧಿಕಾರಿಯೊಬ್ಬ ಬೆರಳು ಮಾಡಿ ಎಣಿಸುತ್ತಾನೆ. ಯಾರು ಎತ್ತಿದರು, ಯಾರು ಎತ್ತುವ ಮುಂಚೆ ಅಕ್ಕಪಕ್ಕ ನೋಡಿದರು ಎಂಬುದನ್ನು ಹಿಂದಿನ ಸಾಲಿನ ಮುಖಂಡರು ಎಣಿಸುತ್ತಾರೆ. ಹೊರಗೆ ಪಟಾಕಿ, ಗುಲಾಲು, ಕ್ರೇನಿನಲ್ಲಿ ನೇತಾಡುವ ಸೇಬಿನ ಹಾರ. ಒಳಗೆ ಹೊಸ ಅಧ್ಯಕ್ಷೆ ಮೊದಲ ಕಡತಕ್ಕೆ ಸಹಿ ಹಾಕುವಾಗ ಎಲ್ಲಿ ಹಾಕಬೇಕೆಂದು ತೋರಿಸುವ ಬೆರಳು ಸರ್ಕಾರ ಕಳಿಸಿದ ಅಧಿಕಾರಿಯದು. ಸಭೆಯು ತನ್ನ ಕೈಯಾರೆ ಮಾಡಬಹುದಾದ ನೇಮಕವೆಂದರೆ ಸ್ಥಾಯಿ ಸಮಿತಿಗಳು. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ. ಅಲ್ಲಿಯೂ ಸದಸ್ಯರು ಸದಸ್ಯರನ್ನೇ ನೇಮಿಸಿಕೊಳ್ಳುತ್ತಾರೆ.

ಹೊಸಪೇಟೆ ಬಳ್ಳಾರಿಯಷ್ಟು ಕಾಯಲಿಲ್ಲ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಮೂರು ತಿಂಗಳೊಳಗೆ ನಗರಸಭೆಯ 35 ವಾರ್ಡುಗಳಿಗೆ ಚುನಾವಣೆ ನಡೆಯಿತು. ಡಿಸೆಂಬರ್ 30ರ ಎಣಿಕೆಯಲ್ಲಿ ಕಾಂಗ್ರೆಸ್ 12, ಬಿಜೆಪಿ 10, ಪಕ್ಷೇತರರು 12, ಆಮ್ ಆದ್ಮಿ ಪಕ್ಷ 1. ಪಕ್ಷೇತರರ ಮನೆ ಮುಂದೆ ಕಾರುಗಳು ನಿಂತವು. ಪಕ್ಷೇತರರನ್ನು ಸೇರಿಸಿಕೊಂಡು ಕುರ್ಚಿ ಹಿಡಿದದ್ದು ಬಿಜೆಪಿ. ಜಿಲ್ಲಾ ಕೇಂದ್ರವಾದ ಮೇಲೆ ಊರಿಗೆ ಜಿಲ್ಲಾಧಿಕಾರಿ ಬಂದರು, ಎಸ್‌ಪಿ ಬಂದರು, ಇಲಾಖೆಗೊಬ್ಬ ಉಪನಿರ್ದೇಶಕರು ಬಂದರು. 2011ರ ಜನಗಣತಿಯಲ್ಲೇ ಎರಡು ಲಕ್ಷ ದಾಟಿದ್ದ ಊರಿಗೆ ಅಧಿಕಾರಿಗಳು ಹೆಚ್ಚಿದಷ್ಟೂ ನಗರಸಭೆಯ ಅಧ್ಯಕ್ಷರ ಕುರ್ಚಿ ಸಮಾರಂಭಗಳಲ್ಲಿ ಇನ್ನಷ್ಟು ಅಂಚಿಗೆ ಸರಿಯಿತು.

ದುಡ್ಡಿನ ದಾರಿಯೂ ಹೀಗೆಯೇ. 2011ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ ಹತ್ತು ಲಕ್ಷ ಟನ್ ತೆಗೆಯಲು ಬಿಟ್ಟಿತು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ಹೊಸ ಖಜಾನೆ ಹುಟ್ಟಿತು. ಗಣಿಬಾಧಿತ ಊರುಗಳಿಗೆಂದು ಮೀಸಲಾದ ಆ ಹಣಕ್ಕೆ ಪ್ರತಿಷ್ಠಾನದ್ದೇ ಬೇರೆ ಮಂಡಳಿ ಇದೆ, ಪುರಸಭೆಯ ಬಜೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. 2018ರ ನವೆಂಬರಿನಲ್ಲಿ ದೋಣಿಮಲೈ ಗಣಿಯ ಐವತ್ತು ವರ್ಷದ ಗುತ್ತಿಗೆ ಮುಗಿಯಿತು. ಮುಂದುವರಿಸಬೇಕಾದರೆ ಶೇ 80 ಪ್ರೀಮಿಯಂ ಕೊಡಿ ಎಂದಿತು ಬೆಂಗಳೂರು, ಆಗದು ಎಂದಿತು ಎನ್‌ಎಂಡಿಸಿ. ಎರಡು ವರ್ಷಕ್ಕೂ ಮಿಕ್ಕಿ ಗಣಿ ನಿಂತಿತು. ಟೌನ್‌ಶಿಪ್ಪಿನ ಅಂಗಡಿ, ಲಾರಿ, ಗುತ್ತಿಗೆ ಕೂಲಿ ಎಲ್ಲಕ್ಕೂ ಬಿಸಿ ತಟ್ಟುವ ಸಂಗತಿ. ಅದು ಚರ್ಚೆಯಾದದ್ದು ಬೆಂಗಳೂರು, ದೆಹಲಿ, ಹೈದರಾಬಾದುಗಳಲ್ಲಿ. 2021ರ ಫೆಬ್ರವರಿಯಲ್ಲಿ ಮತ್ತೆ ಅದಿರು ಇಳಿಯಿತು.

ಮೇಯರುಗಳ ಸಾಲಿನಲ್ಲಿ ಬಳ್ಳಾರಿ ಆಮೇಲೆ ಒಂದು ಸುದ್ದಿ ಮಾಡಿತು. 2023ರ ಮಾರ್ಚಿನಲ್ಲಿ ಡಿ. ತ್ರಿವೇಣಿ ಎಂಬ 23 ವರ್ಷದ ಯುವತಿ ಮೇಯರಾದರು, ರಾಜ್ಯದಲ್ಲೇ ಅತಿ ಕಿರಿಯ ಮೇಯರ್ ಎಂದು ಎಲ್ಲ ಪತ್ರಿಕೆಗಳಲ್ಲಿ ಫೋಟೊ ಬಂತು. ಆ ವರ್ಷ ಮುಗಿಯುವ ಮೊದಲೇ ಪಕ್ಷದೊಳಗಿನ ಹಂಚಿಕೆಗೆ ತಕ್ಕಂತೆ ರಾಜೀನಾಮೆ ಕೊಟ್ಟರು. ಒಬ್ಬ ಮೇಯರ್‌ಗೆ ಕಾನೂನು ಕೊಡುವುದು ಒಂದು ವರ್ಷ. ಮಳೆಗಾಲದ ಚರಂಡಿ ಎಲ್ಲೆಲ್ಲಿ ಉಕ್ಕುತ್ತದೆ ಎಂದು ತಿಳಿಯುವಷ್ಟರಲ್ಲಿ ಗೌನು ಕಳಚಬೇಕು.

ಊರಿನ ನಿಜವಾದ ಕೆಲಸ ಯಾರ ಕೈಯಲ್ಲಿದೆ, ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಯಾರು ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವರು ಪೌರಕಾರ್ಮಿಕರು. ಹಿಂದೆ ಚೇರ್ಮನ್ ಇಟ್ಟುಕೊಳ್ಳುತ್ತಿದ್ದ ತೋಟಿಗಳ ಮೊಮ್ಮಕ್ಕಳು ಎಷ್ಟೋ ಊರುಗಳಲ್ಲಿ ಗುತ್ತಿಗೆದಾರನ ಕೈಕೆಳಗೆ ಕಸದ ಗಾಡಿ ತಳ್ಳಿದರು. ಆಮೇಲೆ ನೇರ ಪಾವತಿ ಎಂಬ ಹೆಸರಿನಲ್ಲಿ ಕಾಯಂ ಅಲ್ಲದೆ ದುಡಿದರು. 2022ರ ಜುಲೈ 1ರಂದು ಅವರು ರಾಜ್ಯದ ಉದ್ದಕ್ಕೂ ಪೊರಕೆ ಕೆಳಗಿಟ್ಟರು. ತಮ್ಮ ತಮ್ಮ ಊರಿನ ಅಧ್ಯಕ್ಷರನ್ನು ಕೇಳಿ ಪ್ರಯೋಜನವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ನಾಲ್ಕನೇ ದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಾತು ಕೊಟ್ಟ ಮೇಲೆ ಎದ್ದರು. ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮೊದಲ ಹಂತದಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಒಪ್ಪಿತು. ಹೊಸಪೇಟೆಯಲ್ಲಿ ಹೊಸ ಸಭೆ ಕೂತು ಆಗ ಇನ್ನೂ ವರ್ಷ ತುಂಬಿರಲಿಲ್ಲ.